ಹೆವಿ ಲೈಸೆನ್ಸ್: ಏಜೆಂಟ್ ಕಡೆಯಿಂದ ಮಾಡಿಸಲಾ, ಆರು ವಾರ ತರಬೇತಿಗೆ ಹೋಗಲಾ?

ನಿಮ್ಮ ಪ್ರಶ್ನೆ ಓದಿದ್ದು ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ. ಆಮೇಲೆ ನಿದ್ದೆ ಬರಲಿಲ್ಲ. ಪುಣೆಯ ಪಿಂಪ್ರಿಯಲ್ಲಿದ್ದೀರಿ, ವಯಸ್ಸು 24, ಕಾರಿನ ಲೈಸೆನ್ಸ್ ಇದೆ, ಈಗ ಲಾರಿ-ಬಸ್ ಓಡಿಸುವ ಹೆವಿ ಲೈಸೆನ್ಸ್ ಬೇಕು. ಏಜೆಂಟ್ ಒಬ್ಬ ‘ಶಾಲೆಗೆ ಕಾಲಿಡೋದೇ ಬೇಡ, ಹೆವಿ ಮಾಡಿಸಿ ಕೈಗೆ ಕೊಡ್ತೀನಿ’ ಅಂದಿದ್ದಾನೆ. ಲಾರಿ ಓಡಿಸುವ ಸೋದರಮಾವ ‘ನಾ ಕಲಿಸ್ತೀನಿ, ಆರು ವಾರ ಪಗಾರ ಯಾಕ ಕಳಕೋತಿ’ ಅಂತಿದ್ದಾರೆ. ಮುಂದೆ ಕಂಪನಿ ಬಸ್ಸಿಗೆ ಸೇರುವ ಆಸೆ ನಿಮಗೆ. 2012ರಲ್ಲಿ ನಾನು ನಿಂತಿದ್ದೂ ಇದೇ ಜಾಗದಲ್ಲಿ.

ನಾನು ಇಂಡಿ ತಾಲ್ಲೂಕಿನವನು. ಪುಣೆಗೆ ಬಂದು ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದಲ್ಲಿ ಕ್ಲೀನರ್ ಆಗಿ ಸೇರಿಕೊಂಡೆ. ನಮ್ಮ ಉಸ್ತಾದರು ನಮ್ಮ ಕಡೆಯವರೇ, ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವರು. ತಾವು ಉಣ್ಣುವ ಮೊದಲು ನನಗೆ ಬಡಿಸುತ್ತಿದ್ದರು, ಜ್ವರ ಬಂದರೆ ಕ್ಯಾಬಿನ್‌ನಲ್ಲಿ ತಮ್ಮ ಜಾಗ ಬಿಟ್ಟುಕೊಟ್ಟು ತಾವು ಟಾರ್ಪಾಲಿನ ಮೇಲೆ ಮಲಗುತ್ತಿದ್ದರು. ಮುಂದೆ ಬರೆಯೋದನ್ನು ಅವರ ಮೇಲಿನ ದೂರು ಅಂತ ಓದಬೇಡಿ. ಅವರಿಗೂ ಯಾರೂ ಕಲಿಸಿರಲಿಲ್ಲ. ಅವರ ಉಸ್ತಾದ್ ಮಾಡಿದ್ದನ್ನು ಅವರು ಮಾಡಿದರು, ಅವರು ಮಾಡಿದ್ದನ್ನು ನಾನು ಮಾಡಿದೆ.

ಏಜೆಂಟನಿಗೆ ಒಂಬತ್ತು ಸಾವಿರ ಕೊಟ್ಟೆ. ಹೆವಿ ಲೈಸೆನ್ಸಿಗೆ ಡ್ರೈವಿಂಗ್ ಶಾಲೆಯ ಫಾರ್ಮ್ 5 ಪ್ರಮಾಣಪತ್ರ ಬೇಕೇ ಬೇಕು. ನಿಯಮದ ಪ್ರಕಾರ ಅದಕ್ಕೆ ಕನಿಷ್ಠ 30 ದಿನದ ಕಲಿಕೆ, 15 ಗಂಟೆ ಗಾಡಿ ಓಡಿಸಿರಬೇಕು. ನನ್ನ ಕಾಗದದಲ್ಲಿ ಅಷ್ಟೂ ಇತ್ತು, ಸಹಿ ಸಿಕ್ಕಾ ಸಮೇತ. ಆ 30 ದಿನದಲ್ಲಿ ಹೆಚ್ಚಿನ ದಿನ ನಾನು ಹುಬ್ಬಳ್ಳಿ ಲೈನಿನಲ್ಲಿ ಹಗ್ಗ ಬಿಗಿಯುತ್ತಿದ್ದೆ. ಟೆಸ್ಟಿನ ದಿನ ಖಾಲಿ ಗಾಡಿಯನ್ನು ಸ್ವಲ್ಪ ಮುಂದೆ ಒಯ್ದು ಹಿಂದೆ ತಂದೆ, ಮುಗಿಯಿತು.

ಎರಡು ವರ್ಷ ಏನೂ ಆಗಲಿಲ್ಲ. ಅದೇ ನನ್ನನ್ನು ಕೆಡಿಸಿತು.

2014ರ ನವೆಂಬರ್. ಕೊಲ್ಹಾಪುರದಿಂದ ವಾಶಿ ಮಾರ್ಕೆಟ್ಟಿಗೆ ಸಕ್ಕರೆ, ಹತ್ತು ಗಾಲಿಯ ಗಾಡಿ, 16 ಟನ್ ಲೋಡ್. ಕರಾಡ, ಸಾತಾರಾ ದಾಟಿ ಖಂಬಾಟಕಿ ಸುರಂಗ, ಶಿರವಳ, ಖೇಡ್ ಶಿವಾಪುರ ಟೋಲ್, ಆಮೇಲೆ ಕಾತ್ರಜಿನ ಹೊಸ ಸುರಂಗ. ಆ ಸುರಂಗದಿಂದ ಹೊರಗೆ ಬಂದರೆ ನವಲೆ ಸೇತುವೆಯವರೆಗೆ ಇಳಿಜಾರು. ಕಣ್ಣಿಗೆ ಘಾಟಿನಂತೆ ಕಾಣಲ್ಲ. ರಸ್ತೆ ಅಗಲ, ಮುಂದೆ ಊರಿನ ದೀಪಗಳು. ಅದಕ್ಕೇ ಅಲ್ಲಿ ಗಾಡಿಗಳು ಕೈತಪ್ಪಿ ಹೋಗೋದು. ಪುಣೆಯಲ್ಲಿ ಇರುವವರಿಗೆ ಪೇಪರಿನಲ್ಲಿ ಆ ಸೇತುವೆಯ ಹೆಸರು ಎಷ್ಟು ಸಲ ಬರುತ್ತೆ ಅಂತ ಗೊತ್ತು.

ನಮ್ಮ ಮಾಲಕರು ಕಿಲೋಮೀಟರ್ ಲೆಕ್ಕದಲ್ಲಿ ಡೀಸೆಲ್ ಕೊಡುತ್ತಿದ್ದರು. ಉಳಿಸಿದ್ದು ಡ್ರೈವರಿಗೆ. ‘ಇಳಿಜಾರಿನ್ಯಾಗ ಎಣ್ಣಿ ಯಾಕ ಸುಡ್ತಿ ತಮ್ಮಾ, ಭೂಮಿನ ಎಳಕೊಂಡು ಹೋಗ್ತೈತಿ’ ಅನ್ನೋದು ಉಸ್ತಾದರ ಮಾತು. ಸುರಂಗ ದಾಟಿದ ಕೂಡಲೇ ಅಭ್ಯಾಸದಂತೆ ನ್ಯೂಟ್ರಲ್ ಹಾಕಿ ಎಂಜಿನ್ ಬಂದ್ ಮಾಡಿದೆ.

ಈ ಒಂದು ಕೆಲಸದಿಂದ ಏನೇನು ಆಯಿತು ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಉದ್ದ ಆದರೂ ಓದಿ. ಲಾರಿಯ ಬ್ರೇಕ್ ಹಿಡಿಯೋದು ನಿಮ್ಮ ಕಾಲಿನ ಬಲದಿಂದಲ್ಲ, ಟ್ಯಾಂಕಿನಲ್ಲಿರುವ ಹವಾದಿಂದ. ಆ ಹವಾ ತುಂಬೋದು ಕಂಪ್ರೆಸರ್, ಕಂಪ್ರೆಸರ್ ತಿರುಗೋದು ಎಂಜಿನ್ನಿನಿಂದ. ಎಂಜಿನ್ ನಿಂತರೆ ಟ್ಯಾಂಕಿನಲ್ಲಿ ಇದ್ದಷ್ಟೇ ಹವಾ. ಪ್ರತಿ ಸಲ ಪೆಡಲ್ ಒತ್ತಿದಾಗ ಅದರಲ್ಲಿ ಒಂದಿಷ್ಟು ಖರ್ಚು, ತುಂಬುವವರು ಯಾರೂ ಇಲ್ಲ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತಿತ್ತು. ನ್ಯೂಟ್ರಲ್‌ನಲ್ಲಿ ಆ ಜಗ್ಗುವಿಕೆ ಇಲ್ಲ, ಇಷ್ಟು ಟನ್ನಿನ ಭಾರವನ್ನು ಗಾಲಿಯ ಡ್ರಮ್ಮಿಗೆ ಉಜ್ಜುವ ಬ್ರೇಕ್ ಲೈನರ್ ಒಂದೇ ಹಿಡಿಯಬೇಕು. ಹಾಗಾಗಿ ಪದೇಪದೇ ಒತ್ತಿದೆ. ಒತ್ತಿದಷ್ಟೂ ಡ್ರಮ್ ಕಾದಿತು, ಕಾದಷ್ಟೂ ಹಿಡಿತ ಹೋಯಿತು. ಹಿಡಿತ ಹೋದಷ್ಟೂ ಮತ್ತೆ ಜೋರಾಗಿ ಒತ್ತಿದೆ. ಹವಾ ಮೀಟರಿನ ಮುಳ್ಳು ಎಂಟರ ಹತ್ತಿರ ಇದ್ದದ್ದು ಐದಕ್ಕೆ ಬಂತು. ನಾನು ನೋಡಲೇ ಇಲ್ಲ, ಕಣ್ಣು ರಸ್ತೆಯ ಮೇಲಿತ್ತು.

ಹವಾ ಕಡಿಮೆಯಾದರೆ ಕೂಗಲಿಕ್ಕೆ ಒಂದು ಬಜರ್ ಇರುತ್ತೆ. ಬೆಳಿಗ್ಗೆ ಗಾಡಿ ಚಾಲೂ ಮಾಡಿದಾಗ ಹವಾ ತುಂಬುವವರೆಗೆ ಅದು ಕೂಗುತ್ತೆ, ತಲೆ ತಿನ್ನುತ್ತೆ ಅಂತ ಆರು ತಿಂಗಳ ಹಿಂದೆಯೇ ಅದರ ವೈರ್ ಕಿತ್ತಿದ್ದೆವು. ಕಿತ್ತದ್ದು ನನ್ನದೇ ಕೈ. ಅದು ಯಾಕೆ ಕೂಗುತ್ತೆ ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಲೈನರ್ ಸುಟ್ಟ ವಾಸನೆ ಬಂದ ಮೇಲೆ ಎಚ್ಚರವಾಯಿತು. ಅಷ್ಟರಲ್ಲಿ ಸ್ಟೇರಿಂಗ್ ಕಲ್ಲಿನಂತೆ ಬಿಗಿ, ಯಾಕಂದ್ರೆ ಪವರ್ ಸ್ಟೇರಿಂಗಿನ ಪಂಪ್ ಕೂಡ ಎಂಜಿನ್ನಿನಿಂದಲೇ ತಿರುಗೋದು. ಸೆಲ್ಫ್ ಹೊಡೆದೆ, ಎಂಜಿನ್ ಹತ್ತಿಕೊಂಡಿತು. ಗೇರ್ ಹಾಕಲು ಹೋದೆ. ಬೀಳಲಿಲ್ಲ! ಗಾಡಿ ಎಪ್ಪತ್ತರ ಮೇಲೆ ಓಡುವಾಗ ಎಂಜಿನ್ ನಿಧಾನ ತಿರುಗುತ್ತಿದ್ದರೆ ಗೇರಿನ ಹಲ್ಲು ಹಲ್ಲಿಗೆ ಕೂಡಲ್ಲ, ಕರಕರ ಅಂತ ಹೊರಗೆ ತಳ್ಳುತ್ತೆ. ಇದನ್ನು ನಿಮ್ಮ ಮಾವನಿಗೂ ಓದಿ ಹೇಳಿ: ಇಳಿಜಾರಿನಲ್ಲಿ ಗೇರ್ ತೆಗೆಯೋದು ಒಂದು ಬೆರಳಿನ ಕೆಲಸ. ವೇಗ ಏರಿದ ಮೇಲೆ ಅದನ್ನು ವಾಪಸ್ ಹಾಕೋದು ಯಾವ ಉಸ್ತಾದನ ಕೈಯಲ್ಲೂ ಇಲ್ಲ. ಅಲ್ಲಿಗೆ ಹೋಗುವ ಬಾಗಿಲು ಮಾತ್ರ ಇದೆ, ವಾಪಸ್ ಬರುವ ಬಾಗಿಲಿಲ್ಲ.

ನರ್ಹೆ ದಾಟಿದ ಮೇಲೆ ಬಲಕ್ಕೆ ಜನ ನಿಂತಿದ್ದರು. ಎಡಕ್ಕೆ ಎಳೆದೆ. ಅಲ್ಲಿ ನಿಧಾನವಾಗಿ ಹೋಗುತ್ತಿದ್ದ ತರಕಾರಿ ಟೆಂಪೋಗೆ ಹಿಂದಿನಿಂದ ಹೊಡೆದು, ಗೋಡೆಗೆ ಉಜ್ಜಿಕೊಂಡು ನಿಂತೆ. ಯಾರೂ ಸಾಯಲಿಲ್ಲ. ಟೆಂಪೋ ಡ್ರೈವರಿನ ಬಲಗಾಲು ಎರಡು ಕಡೆ ಮುರಿದಿತ್ತು. ಎಂಟು ತಿಂಗಳು ಅವರು ಮನೆಯಲ್ಲಿದ್ದರು. ನಾನು ಎರಡು ಸಲ ನೋಡಲು ಹೋದೆ. ಎರಡನೇ ಸಲ ಅವರ ಹೆಂಡತಿ ಚಹಾ ತಂದು ಕೊಟ್ಟರು. ಆ ಚಹಾ ನನ್ನಿಂದ ಕುಡಿಯಲಾಗಲಿಲ್ಲ.

ಲೈಸೆನ್ಸ್ ಆರು ತಿಂಗಳು ಅಮಾನತಾಯಿತು. ಆ ಆರು ತಿಂಗಳು ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊತ್ತೆ. ಪರಿಹಾರದ ಕೇಸಿನಲ್ಲಿ ವಕೀಲರು ನನ್ನನ್ನು ಕೇಳಿದ್ದು ಬೇರೇನೂ ಅಲ್ಲ: ‘ಶಾಲೆಯಲ್ಲಿ ನಿಮಗೆ ಕಲಿಸಿದವರ ಹೆಸರೇನು? ಆ ಶಾಲೆಯ ಹೆವಿ ಗಾಡಿಯ ಬಣ್ಣ ಯಾವುದು?’ ನನ್ನ ಬಾಯಿಂದ ಮಾತು ಹೊರಡಲಿಲ್ಲ. ಲೈಸೆನ್ಸ್ ಅಸಲಿ ಇದ್ದದ್ದರಿಂದ ವಿಮೆಯವರು ದುಡ್ಡು ಕೊಟ್ಟರು, ಮಾಲಕರು ಉಳಿದರು. ಆದರೆ ಆ ಕಟಕಟೆಯಲ್ಲಿ ನಿಂತಾಗ ನನ್ನ ಕಿಸೆಯಲ್ಲಿದ್ದ ಲೈಸೆನ್ಸ್ ಅಸಲಿ, ಡ್ರೈವರ್ ನಕಲಿ ಅಂತ ನನಗೇ ಅನ್ನಿಸಿತು.

ನಾನು ನಿಜವಾಗಿ ಕಲಿತದ್ದು 2022ರಲ್ಲಿ. ಚಾಕಣ ಕಡೆಯ ಕಂಪನಿ ಬಸ್ಸಿಗೆ ಸೇರುವಾಗ ಅವರು ತರಬೇತಿ ಇಲ್ಲದೆ ಸ್ಟೇರಿಂಗ್ ಕೊಡಲ್ಲ ಅಂದರು. ಹತ್ತು ವರ್ಷ ಗಾಡಿ ಓಡಿಸಿದವನಿಗೆ ಪಾಠವೇ ಅಂತ ಸಿಟ್ಟು ಬಂದಿತ್ತು. ಎರಡನೇ ದಿನ ಕಲಿಸುವವರು ಹಲಗೆಯ ಮೇಲೆ ಒಂದು ಚಿತ್ರ ಬರೆದು ಹೇಳಿದರು: ಗಾಡಿ ಗೇರಿನಲ್ಲಿದ್ದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯುವಾಗ ಗಾಲಿಗಳೇ ಎಂಜಿನ್ ತಿರುಗಿಸುತ್ತವೆ, ಪಂಪ್ ಡೀಸೆಲ್ ಬಿಡೋದನ್ನೇ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಇಟ್ಟರೆ ಅದು ನಿಲ್ಲದಂತೆ ಡೀಸೆಲ್ ಹೋಗುತ್ತಲೇ ಇರುತ್ತೆ. ಅಂದರೆ ಗೇರಿನಲ್ಲಿ ಇಳಿದವನೇ ಎಣ್ಣೆ ಉಳಿಸಿದವನು. ನಾನು ಮೂರು ಸಲ ಕೇಳಿದೆ, ಮೂರು ಸಲವೂ ಅದನ್ನೇ ಹೇಳಿದರು. ಮಧ್ಯಾಹ್ನ ಊಟಕ್ಕೆ ಹೋಗದೆ ಅಲ್ಲೇ ಬೆಂಚಿನ ಮೇಲೆ ಕೂತೆ. ಆ ಇಳಿಜಾರಿನಲ್ಲಿ ನಾನು ಉಳಿಸಿದೆ ಅಂದುಕೊಂಡದ್ದು ಹೆಚ್ಚೆಂದರೆ ಇಪ್ಪತ್ತು ರೂಪಾಯಿ. ಅದನ್ನೂ ಉಳಿಸಿರಲಿಲ್ಲ, ಗೇರಿನಲ್ಲೇ ಇಳಿದಿದ್ದರೂ ಡೀಸೆಲ್ ಹೋಗುತ್ತಿರಲಿಲ್ಲ. ಒಬ್ಬ ಮನುಷ್ಯನ ಕಾಲು ಮುರಿದದ್ದು ಇಲ್ಲದ ಉಳಿತಾಯಕ್ಕೆ.

ಈಗ ನಿಮ್ಮ ಪ್ರಶ್ನೆ. ಏಜೆಂಟೋ ತರಬೇತಿಯೋ ಅಂತ ಕೇಳಿದ್ದೀರಿ, ಏಜೆಂಟ್ ಆದರೆ ಬೇಗ, ತರಬೇತಿ ಆದರೆ ಆರು ವಾರ ವ್ಯರ್ಥ ಅನ್ನೋ ಲೆಕ್ಕದಲ್ಲಿ. ಆ ಲೆಕ್ಕವೇ ತಪ್ಪು. ಲರ್ನಿಂಗ್ ಲೈಸೆನ್ಸ್ ಕೈಗೆ ಬಂದ ಮೇಲೆ ಕಾಯಂ ಲೈಸೆನ್ಸಿಗೆ 30 ದಿನ ಹೇಗೂ ಕಾಯಬೇಕು, ಏಜೆಂಟ್ ಅದನ್ನು ಕಡಿಮೆ ಮಾಡಲಾರ. ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ 2021ರ ಜುಲೈ 1ರಿಂದ ಜಾರಿಯಲ್ಲಿದೆ. ಮಧ್ಯಮ ಮತ್ತು ಭಾರಿ ವಾಹನಕ್ಕೆ ಅಲ್ಲಿ 38 ಗಂಟೆಯ ಕಲಿಕೆ, ಆರು ವಾರಗಳಲ್ಲಿ. ಭಾನುವಾರ ಬಿಟ್ಟು ಭಾಗಿಸಿ ನೋಡಿ, ದಿನಕ್ಕೆ ಒಂದು ಗಂಟೆಯ ಮೇಲೆ ಚಿಲ್ಲರೆ. ಪಾಳಿ ಬದಲಿಸಿಕೊಂಡರೆ ಪೂರ್ತಿ ಪಗಾರ ಹೋಗಲ್ಲ. ಅಂಥ ಕೇಂದ್ರದಲ್ಲಿ ಸಿಮ್ಯುಲೇಟರ್, ಸ್ವಂತ ಟ್ರ್ಯಾಕ್ ಇರಲೇಬೇಕು. ಅಲ್ಲಿ ಪಾಸಾದವರು ಆರ್‌ಟಿಒದಲ್ಲಿ ಮತ್ತೆ ಗಾಡಿ ಓಡಿಸಿ ತೋರಿಸುವ ಟೆಸ್ಟ್ ಕೊಡಬೇಕಿಲ್ಲ. ಏಜೆಂಟ್ ನಿಮಗೆ ಮಾರುತ್ತಿರುವ ಅನುಕೂಲವನ್ನು ಕಾನೂನೇ ಕೊಟ್ಟಿದೆ, ಕಲಿತವರಿಗೆ.

ಆದರೆ ‘ಮಾನ್ಯತೆ ಪಡೆದದ್ದು’ ಅನ್ನೋ ಬೋರ್ಡ್ ನೋಡಿ ನಂಬಬೇಡಿ. ಖಾಲಿ ಗಾಡಿಯಲ್ಲಿ ಕಲಿತು ಬಂದವನಿಗೂ ಆ ಇಳಿಜಾರು ಹೊಸದೇ. ಸೇರುವ ಮೊದಲು ಹೋಗಿ ಕೇಳಿ: ಲೋಡ್ ಇರುವ ಗಾಡಿ ಓಡಿಸಲು ಕೊಡ್ತೀರಾ, ಇಳಿಜಾರಿಗೆ ಕರೆದುಕೊಂಡು ಹೋಗ್ತೀರಾ, ಹವಾ ಬ್ರೇಕಿನ ಭಾಗಗಳನ್ನು ಕೈಯಲ್ಲಿ ಮುಟ್ಟಿಸಿ ತೋರಿಸ್ತೀರಾ? ಇಲ್ಲ ಅಂದರೆ ಬೇರೆ ಕಡೆ ಹೋಗಿ. ಪುಣೆಯಲ್ಲಿರುವುದು ನಿಮ್ಮ ಅದೃಷ್ಟ. 1967ರಿಂದ ಇರುವ ಕೇಂದ್ರೀಯ ರಸ್ತೆ ಸಾರಿಗೆ ಸಂಸ್ಥೆ ಭೋಸರಿಯಲ್ಲೇ ಇದೆ, ಪಿಂಪ್ರಿಯಿಂದ ಎಷ್ಟು ದೂರ? ಹೋಗಿ ವಿಚಾರಿಸಿ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳ್ತೀನಿ. ನೇರವಾಗಿ ಹತ್ತು ಗಾಲಿಗೆ ಹಾರಬೇಡಿ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿದೆ: ಒಟ್ಟು ತೂಕ 7,500 ಕಿಲೋ ಒಳಗಿನ ಸಾಗಣೆ ಗಾಡಿಗೆ ನಿಮ್ಮ ಈಗಿನ ಎಲ್‌ಎಂವಿ (ಹಗುರ ವಾಹನದ) ಲೈಸೆನ್ಸೇ ಸಾಕು. ಒಂದು ವರ್ಷ ಟೆಂಪೋ ಓಡಿಸಿ. ಭಾರ ಹೊತ್ತ ಗಾಡಿ ನಿಲ್ಲಲು ಎಷ್ಟು ಜಾಗ ತಿನ್ನುತ್ತೆ ಅನ್ನೋದು ಸೊಂಟಕ್ಕೆ ಗೊತ್ತಾಗುತ್ತೆ. ಕಾರಿನ ಲೈಸೆನ್ಸ್ ಸಿಕ್ಕಿ ಒಂದು ವರ್ಷ ಆಗದೆ ಹೆವಿ ಲರ್ನಿಂಗ್ ಹೇಗೂ ಕೊಡಲ್ಲ.

ಬಸ್ಸಿನ ಆಸೆ ಇದ್ದರೆ ಜನರನ್ನು ಒಯ್ಯುವ ಗಾಡಿ ಓಡಿಸಲು ಕೊಡುವ ಬ್ಯಾಡ್ಜ್ ಬೇಕು, ಅದಕ್ಕೆ ಪೊಲೀಸ್ ಪರಿಶೀಲನೆ ಇದೆ. ಊರಲ್ಲಿ ಯಾವುದಾದರೂ ಜಗಳದ ಕೇಸ್ ಇದ್ದರೆ ಈಗಲೇ ಬಗೆಹರಿಸಿಕೊಳ್ಳಿ. ಬಸ್ಸಿನ ಕೆಲಸ ಲಾರಿಯ ಮುಂದಿನ ಮೆಟ್ಟಿಲಲ್ಲ, ಬೇರೆಯೇ ಕಸುಬು. ಸಕ್ಕರೆ ಚೀಲ ಬ್ರೇಕಿಗೆ ಮುಗ್ಗರಿಸಿದರೆ ಚೀಲ ಹರಿಯುತ್ತೆ. ನನ್ನ ಬಸ್ಸಿನಲ್ಲಿ ಬೆಳಗಿನ ಪಾಳಿಗೆ ನಲವತ್ತು ಜನ ಇರ್ತಾರೆ, ಅರ್ಧ ಜನ ನಿದ್ದೆಯಲ್ಲಿ, ಒಬ್ಬರು ಏಳು ತಿಂಗಳ ಬಸುರಿ. ಅವರು ಎಚ್ಚರಾಗದಂತೆ ನಿಲ್ಲಿಸೋದನ್ನು ನನಗೆ ಕಲಿಸಿದ್ದು ಆ ತರಬೇತಿಯೇ. ಸಿಗ್ನಲ್ ಎಷ್ಟು ದೂರ ಇರುವಾಗ ಕಾಲು ಎತ್ತಬೇಕು, ಯಾವ ಗೇರಿಗೆ ಇಳಿಸಬೇಕು, ಕೊನೆಯ ಒಂದು ಮಾರಿನಲ್ಲಿ ಪೆಡಲನ್ನು ಹೇಗೆ ಸಡಿಲ ಬಿಡಬೇಕು, ಇದನ್ನೇ ಮೂರು ದಿನ ಮಾಡಿಸಿದರು. ಹತ್ತು ವರ್ಷದಲ್ಲಿ ಯಾರೂ ನನಗೆ ಪೆಡಲ್ ಬಿಡೋದನ್ನು ಹೇಳಿಕೊಟ್ಟಿರಲಿಲ್ಲ, ಒತ್ತೋದನ್ನು ಮಾತ್ರ.

ಮಾವ ಕಲಿಸ್ತಾರೆ ಅಂದಿದ್ದೀರಿ. ಅವರ ಮನಸ್ಸು ನೋಯಿಸಬೇಡಿ. ಏಜೆಂಟನಿಗೆ ಮುಂಗಡ ಕೊಡುವ ಮೊದಲು ಅವರ ಗಾಡಿಯಲ್ಲಿ ಒಂದು ಸಲ ಸಾತಾರಾ ಕಡೆಯಿಂದ ಲೋಡ್ ಇರುವಾಗ ಪಕ್ಕದಲ್ಲಿ ಕೂತು ಬನ್ನಿ. ಕಾತ್ರಜಿನ ಸುರಂಗ ದಾಟುತ್ತಿದ್ದಂತೆ ರಸ್ತೆ ನೋಡಬೇಡಿ, ಮಾತೂ ಆಡಬೇಡಿ. ಅವರ ಎಡಗೈ ಗೇರಿನ ಮೇಲೆ ಏನು ಮಾಡುತ್ತೆ ಅಂತ ನೋಡಿ.