ತೆಳು ಡೆಕ್ ಶೀಟ್ ದಪ್ಪ ಬೀಮನ್ನು ಹಿಡಿದಿಡುತ್ತದಾ?

ಪ್ರಶ್ನೆ: ಸ್ಟೀಲ್ ಬೀಮ್‌ಗಳ ಮೇಲೆ ಡೆಕ್ ಶೀಟ್ ಹಾಸಿ ಕಾಂಕ್ರೀಟ್ ಸುರಿಯುವ ಮಹಡಿ ನಮ್ಮದು. ಬೀಮ್ ಪಕ್ಕಕ್ಕೆ ವಾಲದಂತೆ ಡೆಕ್ಕೇ ತಡೆಯುತ್ತದೆ ಎಂದು ಬೇರೆ ಬ್ರೇಸಿಂಗ್ (ಅಡ್ಡ ಆಸರೆ) ಕೊಟ್ಟಿಲ್ಲ. ಒಂದು ಮಿಲಿಮೀಟರ್ ತಗಡನ್ನು ಇಷ್ಟು ನಂಬಬಹುದಾ?

ಉತ್ತರ: ನಂಬಬಹುದು. ಆದರೆ ಶೀಟಿನ ಏಣುಗಳು (ಉಬ್ಬು-ತಗ್ಗಿನ ಮಡಿಕೆಗಳು) ಬೀಮ್‌ಗೆ ಅಡ್ಡಲಾಗಿ ಓಡುತ್ತಿರಬೇಕು, ಶೀಟ್ ಬೀಮಿನ ಫ್ಲ್ಯಾಂಜ್‌ಗೆ, ಅಂದರೆ ಮೇಲಿನ ಅಗಲ ಪಟ್ಟಿಗೆ, ಗಟ್ಟಿಯಾಗಿ ಕಚ್ಚಿಕೊಂಡಿರಬೇಕು. ಸುಮ್ನೆ ಹಾಸಿಟ್ಟ ಶೀಟ್ ಬೀಮ್‌ಗೆ ಬರೀ ಭಾರ.

ಭಾರ ಬಿದ್ದಾಗ ಬೀಮಿನ ಮೇಲಿನ ಫ್ಲ್ಯಾಂಜ್ ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಜಾರಲು ನೋಡುತ್ತದೆ. ಕೆಳಗಿನದು ಎಳೆತದಲ್ಲಿರುವುದರಿಂದ ಅಷ್ಟು ಕದಲುವುದಿಲ್ಲ. ಹಾಗಾಗಿ ಬೀಮ್ ವಾಲುತ್ತಲೇ ತಿರುಚಿಕೊಳ್ಳುತ್ತದೆ. ಶುರುವಿನಲ್ಲೇ ಇದನ್ನು ತಡೆಯಲು ಜಾಸ್ತಿ ಬಲ ಬೇಡ. ಫ್ಲ್ಯಾಂಜ್‌ನಲ್ಲಿರುವ ಒತ್ತುಬಲದ ಶೇ 2ರಿಂದ 2.5ರಷ್ಟು ಹಿಡಿಯುವುದು ವಾಡಿಕೆ. ಬಲದ ಜೊತೆ ಬಿಗಿತವೂ ಬೇಕು, ಅಲ್ವಾ? ಅದು ಡೆಕ್‌ನಲ್ಲಿದೆ. ಮೇಲಿಂದ ತುಳಿದರೆ ತಗ್ಗುವ ತಗಡು, ಏಣಿನ ಉದ್ದಕ್ಕೆ ತಳ್ಳಿದರೆ ಜಗ್ಗುವುದಿಲ್ಲ. ಎಲ್ಲ ಬೀಮ್‌ಗಳೂ ಒಟ್ಟಿಗೆ ಒಂದೇ ಕಡೆ ವಾಲದಿರಲು ಶೀಟುಗಳು ಅಕ್ಕಪಕ್ಕದ ಅಂಚಿನಲ್ಲೂ ಒಂದಕ್ಕೊಂದು ಸೇರಿರಬೇಕು.

ಏಣುಗಳು ಬೀಮಿನ ಉದ್ದಕ್ಕೇ ಓಡಿದರೆ ಕಥೆ ಬೇರೆ. ಪಕ್ಕಕ್ಕೆ ತಳ್ಳಿದಾಗ ಶೀಟು ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಳ್ಳುತ್ತದೆ. ಅಡ್ಡ ಬೀಮ್‌ಗಳನ್ನು ಹೊರುವ ಮುಖ್ಯ ಗರ್ಡರ್‌ಗಳಲ್ಲಿ ಹೀಗಾಗುವುದೇ ಹೆಚ್ಚು. ಅಲ್ಲಿ ನಾನು ಡೆಕ್ಕನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಡ್ಡ ಬೀಮ್‌ಗಳು ಬಂದು ಸೇರುವ ಜಾಗಗಳನ್ನಷ್ಟೇ ಆಸರೆ ಎನ್ನುತ್ತೇನೆ.

ನನಗೆ ಭಯವಿರುವುದು ಕಾಂಕ್ರೀಟ್ ಸುರಿಯುವ ದಿನದ್ದು. ಹಸಿ ಕಾಂಕ್ರೀಟಿಗೆ ತೂಕವಿದೆ, ಶಕ್ತಿಯಿಲ್ಲ. ಗಟ್ಟಿಯಾದ ಮೇಲೆ ಸ್ಟಡ್‌ಗಳ (ಬೀಮಿಗೆ ಬೆಸೆದ ಸ್ಟೀಲ್ ಗೂಟಗಳು) ಮೂಲಕ ಕಾಂಕ್ರೀಟೇ ಬೀಮನ್ನು ಹಿಡಿಯುತ್ತದೆ. ಅಲ್ಲಿಯವರೆಗೆ ಬರೀ ಡೆಕ್ಕು, ಅದರ ವೆಲ್ಡಿಂಗು. ಆ ವೆಲ್ಡಿಂಗ್ ಬಿಟ್ಟು ಆಸರೆಯಿಲ್ಲದ ಉದ್ದ ಎರಡು ಪಟ್ಟಾದರೆ, ಉದ್ದನೆಯ ಸಪೂರ ಬೀಮ್ ತಡೆಯುವ ಭಾರ ಅರ್ಧಕ್ಕಿಂತಲೂ ಕೆಳಗಿಳಿಯಬಹುದು.

ಅದಕ್ಕೇ ವೆಲ್ಡಿಂಗ್ ನಡೆಯುವಾಗ ಬಗ್ಗಿ ನೋಡಿ. ಶೀಟು ಫ್ಲ್ಯಾಂಜ್‌ಗೆ ಅಂಟಿ ಕೂರದೆ ನಡುವೆ ಸಂದು ಉಳಿದರೆ, ತಗಡು ಸುಟ್ಟು ತೂತಾಗಿ ಸುತ್ತ ಒಂದು ಉಂಗುರ ಮೂಡುತ್ತದೆ. ಮೇಲಿಂದ ನೋಡಿದರೆ ವೆಲ್ಡಿಂಗ್ ಆದ ಹಾಗೇ ಕಾಣುತ್ತದೆ, ಕೆಳಗೆ ಏನೂ ಹಿಡಿದಿರುವುದಿಲ್ಲ. ಬೆಸೆಯುವ ಮುಂಚೆ ಶೀಟನ್ನು ಫ್ಲ್ಯಾಂಜ್‌ಗೆ ಒತ್ತಿ ಹಿಡಿಸಿ. ಬೆಸುಗೆಗಳ ನಡುವಿನ ಅಂತರ ಡ್ರಾಯಿಂಗ್‌ನಲ್ಲಿರುವಂತೆಯೇ ಇದೆಯೇ ಎಂದು ಟೇಪ್ ಹಿಡಿದು ಅಳೆಯಿರಿ. ಅಮೆರಿಕದ ಸ್ಟೀಲ್ ಕಟ್ಟಡ ಸಂಸ್ಥೆ ಎಐಎಸ್‌ಸಿಯ ನಿಯಮದಲ್ಲಿ ಕಾಂಪೋಸಿಟ್ ಬೀಮಿನ (ಕಾಂಕ್ರೀಟ್ ಜೊತೆ ಒಂದಾಗಿ ಭಾರ ಹೊರುವ ಬೀಮ್) ಡೆಕ್‌ಗೆ ಇದು 460 ಮಿಲಿಮೀಟರ್ ದಾಟುವಂತಿಲ್ಲ.

ಇನ್ನೊಂದು ಮಾತು. ಕ್ಯಾಂಟಿಲಿವರ್‌ನಲ್ಲಿ (ಒಂದೇ ತುದಿಯಲ್ಲಿ ಹಿಡಿದ, ಇನ್ನೊಂದು ತುದಿ ಚಾಚಿರುವ ಬೀಮ್), ಕಂಬದ ಮೇಲೆ ಹಾದು ಮುಂದುವರಿಯುವ ಬೀಮ್‌ನಲ್ಲಿ ಆಸರೆಯ ಹತ್ತಿರ ಒತ್ತಡಕ್ಕೆ ಸಿಗುವುದು ಕೆಳಗಿನ ಫ್ಲ್ಯಾಂಜ್. ಡೆಕ್ ಇರುವುದು ಮೇಲೆ. ನಿಮ್ಮ ಮಹಡಿಯಲ್ಲಿ ಅಂಥ ಬೀಮ್ ಇದ್ದರೆ, ಕೆಳಗಿನ ಫ್ಲ್ಯಾಂಜ್ ಅನ್ನು ಯಾವುದು ಹಿಡಿದಿದೆ ಎಂದು ಡಿಸೈನ್ ಮಾಡಿದವರನ್ನು ಕೇಳಿ. ಲೆಕ್ಕಕ್ಕೆ ಬೇಕೆಂದರೆ ಕಾಂಕ್ರೀಟಿಗೆ ಮುಂಚೆಯೇ ಅಲ್ಲಿ ಓರೆ ಆಂಗಲ್ (ಎಲ್ ಆಕಾರದ ಸ್ಟೀಲ್ ಪಟ್ಟಿ) ಕೂರಿಸಿಬಿಡಿ.