ಬಳ್ಳಾರಿಯ ಓಡಾಟಕ್ಕೆ ಮೈಲೇಜ್ ಕೊಡುವ ಸೆಕೆಂಡ್ ಹ್ಯಾಂಡ್ ಕಾರು: ಪೆಟ್ರೋಲೋ ಡೀಸೆಲೋ?

ದಿನಾ ಬಳ್ಳಾರಿ ಊರೊಳಗೆ ಹತ್ತಿಪ್ಪತ್ತು ಕಿಲೋಮೀಟರ್, ಅಪರೂಪಕ್ಕೆ ಹೊಸಪೇಟೆ, ಇಷ್ಟೇ ನಿಮ್ಮ ಓಡಾಟವೇ? ಹಾಗಿದ್ದರೆ 1 ಲೀಟರ್ ಎಂಜಿನ್ನಿನ ಹಗುರ ಪೆಟ್ರೋಲ್ ಕಾರನ್ನೇ ತಗೊಳ್ಳಿ. ಸೆಲೆರಿಯೊ, ವ್ಯಾಗನ್ ಆರ್ ಥರದ್ದು. ಸಿಗ್ನಲ್ಲು, ಹಂಪುಗಳಲ್ಲಿ ನಿಂತು ನಿಂತು ಹೊರಡುವಾಗಲೇ ಪೆಟ್ರೋಲ್ ಹೆಚ್ಚು ಸುಡುವುದು. ಪ್ರತಿ ಸಲವೂ ಗಾಡಿಯ ಪೂರ್ತಿ ತೂಕಕ್ಕೆ ಎಂಜಿನ್ ಮತ್ತೆ ವೇಗ ಕೊಡಬೇಕು. ಬ್ರೇಕ್ ಒತ್ತಿದೊಡನೆ ಆ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ತೂಕ ಕಡಿಮೆಯಾದಷ್ಟೂ ನಷ್ಟ ಕಡಿಮೆ. 2020ರ ನಂತರದ ಬಿಎಸ್6 (ಹೊಗೆಗೆ ಮಿತಿ ಹಾಕುವ ಸರ್ಕಾರಿ ಮಾನದಂಡ) ಡೀಸೆಲ್ ಕಾರಂತೂ ಸಣ್ಣ ಓಡಾಟಕ್ಕೆ ಬೇಡವೇ ಬೇಡ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಆ ಮಸಿ ಸುಟ್ಟುಹೋಗುವಷ್ಟು ಬಿಸಿಯೇರದೆ ಕಟ್ಟಿಕೊಳ್ಳುತ್ತದೆ.

ಮಾರುವವರ ಮಾತಿನ ಮೈಲೇಜ್ ನಂಬಬೇಡಿ. ಟ್ಯಾಂಕ್ ಫುಲ್ ಮಾಡಿಸಿ, ಹೊಸಪೇಟೆಗೆ ಹೋಗಿಬಂದು, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ ಲೆಕ್ಕ ಹಾಕಿ. ಅದಿರಿನ ದೂಳಿನ ಊರು ನಮ್ಮದು, ಏರ್ ಫಿಲ್ಟರನ್ನೂ ಬಿಚ್ಚಿಸಿ ನೋಡಿ.