ಮೊದಲು ಕುಡಿತ ಬಿಡಲಿ ಎಂದು ಕಾಯಬೇಕೆ?

ಪ್ರಶ್ನೆ: ನನ್ನ ತಂಗಿಗೆ 34 ವರ್ಷ. ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಿದ್ದಾಳೆ. ಈಗಲೂ ರಾತ್ರಿ ಬಾಗಿಲ ಚಿಲಕ ಸಪ್ಪಳವಾದರೆ ಬೆಚ್ಚಿ ಏಳುತ್ತಾಳೆ. ನಿದ್ದೆ ಬರಲೆಂದು ಕದ್ದು ಸೆರೆ ಕುಡಿಯತೊಡಗಿದವಳಿಗೆ ಈಗ ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುತ್ತದೆ. ‘ಮೊದಲು ಕುಡಿತ ಬಿಡಲಿ, ಉಳಿದದ್ದನ್ನು ಆಮೇಲೆ ನೋಡೋಣ’ ಎಂದು ವೈದ್ಯರೊಬ್ಬರು ಹೇಳಿದರು. ಊಟದಲ್ಲಿ ಕುಡಿತ ಬಿಡಿಸುವ ಪುಡಿ ಬೆರೆಸೋಣ ಎಂದು ಅವ್ವ ಹೇಳುತ್ತಾಳೆ. ಏನು ಮಾಡಲಿ?
– ಓದುಗರು, ಜಮಖಂಡಿ

ಉತ್ತರ: ಪುಡಿಯ ವಿಚಾರವನ್ನು ಇಂದೇ ಕೈಬಿಡಿ. ಅದರಲ್ಲಿ ಮದ್ಯದೊಡನೆ ಸೇರಿದರೆ ದೇಹಕ್ಕೆ ಅಪಾಯ ತರುವ ಡೈಸಲ್ಫಿರಾಂ ಎಂಬ ಔಷಧಿ ಇರಬಹುದು; ಅದರ ಅರಿವಿಲ್ಲದೆ ಆಕೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಗಂಡನ ಮನೆಯಲ್ಲಿ ನಂಬಿಕೆ ಕಳೆದುಕೊಂಡವಳು ತವರಿನ ತಾಟನ್ನೂ ಅನುಮಾನದಿಂದ ನೋಡುವಂತಾಗಬಾರದು.

ಕೈ ನಡುಗುತ್ತಿದೆ ಎಂದರೆ ದೇಹವೇ ಮದ್ಯಕ್ಕೆ ಒಗ್ಗಿಹೋಗಿದೆ. ಮನೆಯಲ್ಲಿ ಹಟಾತ್ತನೆ ಬಿಡಿಸಿದರೆ ಮೊದಲ 48 ಗಂಟೆಗಳಲ್ಲಿ ಫಿಟ್ಸ್, ಎರಡು-ಮೂರು ದಿನಕ್ಕೆ ಸನ್ನಿ ಕಾಣಿಸಿಕೊಳ್ಳಬಹುದಾದ್ದರಿಂದ, ಇದು ವೈದ್ಯರ ಕಣ್ಗಾವಲಿನಲ್ಲಿ, ಥಯಾಮಿನ್ (ಬಿ1 ಜೀವಸತ್ವ) ಮತ್ತು ನಡುಕ ತಗ್ಗಿಸುವ ಔಷಧಿಗಳೊಂದಿಗೆ ಆಗಬೇಕು. ಇಷ್ಟರ ಮಟ್ಟಿಗೆ ನಿಮ್ಮ ವೈದ್ಯರ ಮಾತು ಸರಿ. ಆದರೆ ಮನಸ್ಸಿನ ಆಘಾತವನ್ನು ತಿಂಗಳುಗಟ್ಟಲೆ ಮುಂದೂಡುವುದು ಹಳೆಯ ಪದ್ಧತಿ, ಅದನ್ನು ನಾನು ಒಪ್ಪಲಾರೆ. ಆಕೆ ಕುಡಿದು ಅದುಮಿಟ್ಟಿದ್ದ ಭಯ ಮತ್ತು ಕೆಟ್ಟ ಕನಸುಗಳು ಕುಡಿತ ನಿಂತೊಡನೆ ಮೇಲೇಳುತ್ತವೆ; ಅನೇಕರು ಮತ್ತೆ ಬಾಟಲಿಗೆ ಕೈ ಹಾಕುವುದು ಆ ವಾರಗಳಲ್ಲೇ.

ಎರಡನ್ನೂ ಒಟ್ಟಿಗೆ ನೋಡುವ ಚಿಕಿತ್ಸೆಯೆಂದರೆ ಹೊಡೆತದ ಕಥೆಯನ್ನು ಮೊದಲ ದಿನವೇ ಹೇಳಿಸುವುದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಸಾ ನಜಾವಿಟ್ಸ್ ರೂಪಿಸಿದ ‘ಸೀಕಿಂಗ್ ಸೇಫ್ಟಿ’ ಕ್ರಮದಲ್ಲಿ ಹಿಂದಿನದನ್ನು ಕೆದಕದೆ, ಚಿಲಕದ ಸಪ್ಪಳಕ್ಕೆ ಎದೆ ಹೊಡೆದುಕೊಂಡಾಗ ಪಾದವನ್ನು ನೆಲಕ್ಕೊತ್ತಿ, ಕೋಣೆಯಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಹೆಸರಿಸುತ್ತ ಈ ಕ್ಷಣಕ್ಕೆ ಮರಳುವಂಥ ಉಪಾಯಗಳನ್ನು ಕಲಿಸುತ್ತಾರೆ. ವಿವರವಾಗಿ ಹೇಳಿಕೊಳ್ಳುವುದು ಆಕೆ ಸಿದ್ಧಳಾದಾಗ, ತರಬೇತಿ ಪಡೆದವರೆದುರು ಮಾತ್ರ. ಕುಡಿಯುವ ತುಡಿತಕ್ಕೂ ಭಯಕ್ಕೂ ಬೇರೆ ಬೇರೆ ಮಾತ್ರೆಗಳನ್ನು ಒಟ್ಟಿಗೇ ಕೊಡಬಹುದು. ಹೆಂಗಸರ ಯಕೃತ್ತಿಗೆ ಮದ್ಯದಿಂದ ಬೇಗ ಹಾನಿಯಾಗುತ್ತದೆ. ಅದರ ಪರೀಕ್ಷೆಯೂ ಆಗಲಿ.

ಬಾಗಲಕೋಟೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ ಹೆಂಗಸರಿಗೆ ಪ್ರತ್ಯೇಕ ವಾರ್ಡ್ ಇದೆಯೇ ಎಂದು ಮೊದಲೇ ವಿಚಾರಿಸಿ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕೆಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆಕೆಗೆ ಕೊಟ್ಟ ಹಕ್ಕು. ಹಿರಿಯರು ರಾಜಿ ಪಂಚಾಯಿತಿ ಕೂಡಿಸಲು ಹೊರಟರೆ ದಯವಿಟ್ಟು ತಡೆಯಿರಿ. ಗಂಡ ಬಂದು ಬೆದರಿಸಿದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ವೈದ್ಯರ ಬಳಿ ಹೋಗುವಾಗ, ದಿನಕ್ಕೆ ಎಷ್ಟು ಕುಡಿಯುತ್ತಾಳೆ, ಕೊನೆಯದಾಗಿ ಕುಡಿದದ್ದು ಯಾವಾಗ ಎಂಬುದನ್ನು ಆಕೆಯಿಂದಲೇ ಕೇಳಿ ಬರೆದುಕೊಳ್ಳಿ. ಒಳಗೆ ಮಾತನಾಡಲು ಆಕೆಯೊಬ್ಬಳನ್ನೇ ಬಿಡಿ.